ಪಡಸಾಲೆಯಲ್ಲಿ ಸೂಟ್‌ಕೇಸು ನಿಂತ ದೀಪಾವಳಿ

ಮೊನ್ನೆ ಜಿಟಿಜಿಟಿ ಮಳೆಯಲ್ಲಿ ಒಬ್ಬ ಹೆಣ್ಣುಮಗಳು ಬಂದು, ಬಸ್ಸು ಬರುವ ತನಕ ಇರಲೆಂದು ತನ್ನ ಹೊಸ ಸೂಟ್‌ಕೇಸನ್ನು ನಮ್ಮ ಅಂಗಡಿಯಲ್ಲಿಟ್ಟು ಚಹಾ ಕುಡಿಯಲು ಹೋದಳು. ಹೊಸ ರಬ್ಬರು, ಡಾಂಬರುಗುಳಿಗೆ, ಮಡಿಕೆ ಬಿಚ್ಚದ ಇಳಕಲ್ ಸೀರೆ, ಈ ಮೂರೂ ಕೂಡಿದ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಕೂತಲ್ಲಿಂದಲೇ "ಅತ್ತೀ, ನೀಲವ್ವ ಬಂದಾರೇನ್ರಿ?" ಎಂದು ಕೂಗಿದೆ. ಒಳಗಿನಿಂದ ಅತ್ತೆ, "ಯಾವ ನೀಲವ್ವ? ನಿನ್ನ ತಲಿ ನೆಟ್ಟಗೈತಿಲ್ಲೋ?" ಎಂದರು. ತಲೆ ನೆಟ್ಟಗೇ ಇದೆ. ಆದರೆ ಎರಡು ವರ್ಷದ ಹಿಂದಿನ ಆ ದಸರಾ ದೀಪಾವಳಿಯನ್ನು ನೆನೆದರೆ ಈಗಲೂ ಗಿರ್ರನೆ ತಿರುಗುತ್ತದೆ.

ಕುಷ್ಟಗಿಯಲ್ಲಿ ನಮ್ಮ ಮನೆಯ ಪಡಸಾಲೆಯೇ ನನ್ನ ಟ್ರಾವೆಲ್ಸ್ ಅಂಗಡಿ. ಬಾಗಿಲ ಮೇಲೊಂದು ಫ್ಲೆಕ್ಸು, ಒಳಗೊಂದು ಮೇಜು, ನಾಲ್ಕು ಪ್ಲಾಸ್ಟಿಕ್ ಕುರ್ಚಿ, ಆಚೆ ಪರದೆ ಸರಿಸಿದರೆ ಅಡುಗೆಮನೆ. ದಾರಿಗಳು ಕೂಡುವ ಊರಾದ್ದರಿಂದ ಕೆಲಸಕ್ಕೆ ಬರವಿಲ್ಲ. ಪುಣೆ, ಮುಂಬೈ, ಬೆಂಗಳೂರಿನ ಬಸ್ ಸೀಟು. ತಿರುಪತಿ, ಶಿರಡಿ, ಪಂಢರಪುರದ ಟ್ರಿಪ್ಪು. ಟೆಂಪೊ ಓಡಿಸುವವರು ನಮ್ಮ ಮನೆಯವರು, ಬಸವರಾಜ. ಜನರ ಜೊತೆ ಬಡಿದಾಡುವವಳು ನಾನು. ದಸರೆಯಿಂದ ದೀಪಾವಳಿ ತನಕವಂತೂ ಒಂದು ಕೈಯಲ್ಲಿ ಫೋನು, ಇನ್ನೊಂದು ಕೈಯಲ್ಲಿ ಸೌಟು. ಕರ್ಚಿಕಾಯಿ ಎಣ್ಣೆಯಲ್ಲಿ ಬಿಟ್ಟ ಹೊತ್ತಿಗೇ ಪುಣೆಯವನು ಫೋನ್ ಮಾಡಿ ಕಿಟಕಿ ಪಕ್ಕದ ಸೀಟು ಕೇಳುತ್ತಾನೆ.

ಆ ವರ್ಷ ಇದರ ಮೇಲೆ ನನಗೆ ಹಡಗಿನ ಹುಚ್ಚು ಬೇರೆ ಹಿಡಿದಿತ್ತು. ಮುಂಬೈಯಿಂದ ಹೊರಡುವ ಪ್ರವಾಸದ ಹಡಗಿಗೂ ಟಿಕೀಟು ಮಾಡಬಹುದೆಂದು ಒಂದು ಕಂಪನಿಯವರು ನನ್ನನ್ನು ಏಜೆಂಟರ ವಾಟ್ಸಾಪ್ ಗುಂಪಿಗೆ ಸೇರಿಸಿದ್ದರು. ಬೆಳಗಾದರೆ ಅದರಲ್ಲಿ ಜಗತ್ತಿನ ಹಡಗುಗಳ ಸುದ್ದಿ. ಎಲ್ಲೋ ಊರಿಗೆ ಊರೇ ಹಿಡಿಸುವಂಥ ಹಡಗು ಕಟ್ಟುತ್ತಿದ್ದಾರಂತೆ, ಅದರೊಳಗೆ ಗಿಡಮರದ ತೋಟವಂತೆ. ಯಾವುದೋ ಬಂದರಿನ ಜನ "ನಮ್ಮೂರಿಗೆ ಹಡಗು ಬೇಡ" ಎಂದು ಬೋರ್ಡು ಹಿಡಿದು ನಿಂತಿದ್ದಾರಂತೆ. ಮನೆ ಮಾರಿ ವರ್ಷವಿಡೀ ಹಡಗಿನಲ್ಲೇ ಕಾಲ ಕಳೆಯುವ ಮುದುಕರಿದ್ದಾರಂತೆ. ಚಹಾ ಕುಡಿಯುತ್ತ ನಾನು ಓದುವುದು, ಅತ್ತೆ ಗಲ್ಲಕ್ಕೆ ಕೈಹಚ್ಚಿ ಕೇಳುವುದು. "ಅಲ್ಲೇ ಇರ್ತಾರಂತ? ಮತ್ತ ಸಂತಿ ಎಲ್ಲಿ ಮಾಡ್ತಾರವ್ವ?" ಎಂದು ಕೇಳುತ್ತಿದ್ದರು. ನೀರೆಂದರೆ ಬೋರಿನ ನೀರಷ್ಟೇ ಕಂಡ ನಾನು ಹಡಗು ಮಾರಲು ಹೊರಟವಳು, ನನಗೇನು ಗೊತ್ತು?

ನವರಾತ್ರಿಯ ಘಟ್ಟ ಹಾಕಿ ದೇವಿಯನ್ನು ಕೂರಿಸುವ ಮುಂಚೆ ಒಂದು ದಿನ ಸುಜಾತಾ ಬಂದಳು. ನಮ್ಮ ಹಿಂದಿನ ಓಣಿಯ ಚನ್ನಪ್ಪ, ನೀಲವ್ವನವರ ಒಬ್ಬಳೇ ಮಗಳು. ಆ ಬೇಸಿಗೆಯಲ್ಲಷ್ಟೇ ಗಂಗಾವತಿಗೆ ಮದುವೆ ಮಾಡಿಕೊಟ್ಟಿದ್ದರು. ಕುರ್ಚಿಯ ಮೇಲೆ ಕೂತವಳೇ, "ಅಕ್ಕಾ, ನಮ್ಮ ಅಪ್ಪ ಅವ್ವಗ ಹಡಗಿನ ಟಿಕೀಟ ಮಾಡ್ರಿ. ಇಬ್ಬರಿಗೂ ಕೂಡಿ ಒಂದ ಖೋಲಿ" ಎಂದಳು.

ನಾನು ಕಣ್ಣು ಪಿಳಿಪಿಳಿ ಬಿಟ್ಟೆ. ಚನ್ನಪ್ಪನವರೂ ನೀಲವ್ವನೂ ಮಾತು ಬಿಟ್ಟವರೆಂದು ಇಡೀ ಓಣಿಗೆ ಗೊತ್ತು. ಒಂದೇ ಮನೆ, ಒಂದೇ ಒಲೆ; ದಾಳಿಂಬೆ ತೋಟಕ್ಕೆ ಹೋಗುವುದೂ ಒಂದೇ ಬೈಕಿನ ಮೇಲೆ. ಆದರೆ ಒಬ್ಬರಿಗೊಬ್ಬರು ಮಾತಿಲ್ಲ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅಂತಾರೆ. ಇವರು ಉಂಡದ್ದೂ ಆಯಿತು, ಮಲಗಿದ್ದೂ ಆಯಿತು, ಮಗಳು ಸಾಲಿಗೆ ಹೋಗುವ ಕಾಲದಿಂದ ಜಗಳ ಮಾತ್ರ ಎದ್ದೇ ಕೂತಿತ್ತು. ಅವಳೇ ನಡುವೆ ಟಪಾಲು ಹೊರುವವಳು. "ಅವ್ವಗ ಹೇಳು", "ಅಪ್ಪಗ ಹೇಳು" ಎಂಬುದರಲ್ಲೇ ಬೆಳೆದ ಹುಡುಗಿ ಈಗ ಗಂಡನ ಮನೆ ಸೇರಿದ್ದಾಳೆ. ಆ ಮನೆಯಲ್ಲಿ ಈಗ ರೇಡಿಯೋ ಬಿಟ್ಟರೆ ಬೇರೆ ದನಿಯಿಲ್ಲ.

"ಹಡಗ ಯಾಕ ಬೇಕವ್ವ? ತಿರುಪತಿಗೆ ಕಳಿಸು" ಎಂದೆ.

"ತಿರುಪತಿಗೆ ಹೋದ್ರ ಅಪ್ಪ ಒಂದ ಲೈನಿನ್ಯಾಗ ನಿಂತ್ರ ಅವ್ವ ಇನ್ನೊಂದ ಲೈನಿನ್ಯಾಗ ನಿಲ್ತಾಳ. ಬಸ್ಸಿನ್ಯಾಗ ಕುಂತ್ರ ನಡುವ ಇಳದ ಬಿಡ್ತಾರ. ಹಡಗಿನಿಂದ ಎಲ್ಲಿಗೆ ಇಳೀತಾರ್ರಿ? ಸುತ್ತ ನೀರ ಇರ್ತೈತಿ. ಒಂದ ಮಾತರ ಆಡಬೇಕಾಗ್ತೈತಿ, ಹೌದಿಲ್ಲೋ?" ಹೇಳುತ್ತಾ ಹುಡುಗಿಯ ಕಣ್ಣು ತುಂಬಿತು. "ನಾ ಇಲ್ಲದ ಅವರ ಮನ್ಯಾಗ ಯಾರರ ಒಬ್ಬರು ಬಿದ್ರೂ ಇನ್ನೊಬ್ಬರಿಗೆ ಕರೆಯಂಗಿಲ್ಲಕ್ಕ. ಅದನ್ನ ನೆನಸ್ಕೊಂಡ್ರ ನನಗ ನಿದ್ದಿ ಬರವಲ್ದು."

ನಾನು ಆಗಲೇ ಕೂತು ಟಿಕೀಟು ಮಾಡಿದೆ.

ಹಡಗು ದಸರೆಯ ನಂತರ. ಮುಂಬೈ ಬಸ್ಸು ಹತ್ತಬೇಕಾದದ್ದು ಮಂಗಳವಾರ. ವಾರದ ಹೆಸರು ಕೇಳಿದ್ದೇ ನಮ್ಮತ್ತೆ ಅಡ್ಡಗೋಡೆ ಹಾಕಿದರು. "ಮಂಗಳಾರ ಮನಿ ಬಿಟ್ಟು ಯಾರರ ಹೊಂಡತಾರ? ಅದೂ ನೀರಿನ ಮ್ಯಾಲ? ಪಸ್ತಾನ ಇಡಸು" ಎಂದರು. ಪಸ್ತಾನವೆಂದರೆ ಪ್ರಸ್ಥಾನ. ಹೊರಡುವ ದಿನ ಸರಿಯಿಲ್ಲದಿದ್ದರೆ, ಅದಕ್ಕೂ ಮುಂಚಿನ ಒಂದು ಒಳ್ಳೆಯ ದಿನ ಪಯಣದ ಗಂಟನ್ನು ಬೇರೆಯವರ ಮನೆಯಲ್ಲಿ ಇಟ್ಟು ಬರುವುದು. ಗಂಟು ಹೊರಟಿತೆಂದರೆ ಮನುಷ್ಯನೂ ಹೊರಟಂತೆ ಲೆಕ್ಕ. ವಿಜಯದಶಮಿಗಿಂತ ಒಳ್ಳೆಯ ದಿನ ಯಾವುದಿದೆ, ನಮ್ಮ ಪಡಸಾಲೆಗಿಂತ ಹತ್ತಿರದ ಜಾಗ ಯಾವುದಿದೆ?

ಬನ್ನಿ ಕೊಡುವ ಹೊತ್ತಿಗೆ ಗಂಡ ಹೆಂಡತಿ ಬಂದರು. ಚನ್ನಪ್ಪನವರು ಮುಂದೆ, ಒಂದು ಮಾರು ಬಿಟ್ಟು ನೀಲವ್ವ ಹಿಂದೆ. ಮಗಳು ಕೊಡಿಸಿದ ಆ ದೊಡ್ಡ ನೀಲಿ ಸೂಟ್‌ಕೇಸು ಚನ್ನಪ್ಪನವರ ಹೆಗಲ ಮೇಲಿತ್ತು. ಗಾಲಿ ಇರುವುದನ್ನು ಅವರು ನೋಡಿದ್ದರೂ ನಂಬಿರಲಿಲ್ಲ. ಇಬ್ಬರ ಬಟ್ಟೆಯೂ ಅದೊಂದರಲ್ಲೇ. ಸೂಟ್‌ಕೇಸನ್ನು ಮೂಲೆಗಿಟ್ಟು ಇಬ್ಬರೂ ನನಗೆ, ಅತ್ತೆಗೆ ಬನ್ನಿ ಕೊಟ್ಟು, "ಬಂಗಾರದಂಗ ಇರೂಣು" ಎಂದರು. ಆಮೇಲೆ ಚನ್ನಪ್ಪನವರು ಇನ್ನೊಂದು ಎಸಳನ್ನು ನನ್ನ ಕೈಗಿತ್ತು, "ಇದನ್ನ ಅವರಿಗೆ ಕೊಡ್ರಿ" ಎಂದರು. ಅವರೆಂದರೆ ಪಕ್ಕದಲ್ಲೇ ನಿಂತ ಹೆಂಡತಿ! ನಾನು ಕೊಟ್ಟೆ. ನೀಲವ್ವ ತಗೊಂಡು, ತಾನೂ ಒಂದನ್ನು ನನ್ನ ಕೈಗಿತ್ತು, "ಸುಜಾತಾನ ಅಪ್ಪಗ ಕೊಡ್ರಿ" ಎಂದಳು. ಸುಜಾತಾಳ ಟಪಾಲು ಕಚೇರಿ ನಮ್ಮ ಮನೆಗೆ ಬದಲಿಯಾಯಿತೆಂದು ನನಗೆ ಆಗಲೇ ತಿಳಿಯಬೇಕಿತ್ತು.

ಹೊರಡುವ ಮುಂಚಿನ ದಿನ ಗುಂಪಿನಲ್ಲಿ ಸುದ್ದಿ ಬಂತು. ಅರಬ್ಬೀ ಸಮುದ್ರದಲ್ಲಿ ಗಾಳಿ ಎದ್ದಿದೆ, ಹಡಗು ಹೊರಡುವುದಿಲ್ಲ, ಮುಂದಿನ ದಿನ ತಿಳಿಸುತ್ತೇವೆ. ಕುಷ್ಟಗಿಯಲ್ಲಿ ಎಲೆ ಅಲ್ಲಾಡುವಷ್ಟೂ ಗಾಳಿಯಿಲ್ಲ, ಬಿಸಿಲು ಚುರ್ರೆನ್ನುತ್ತಿತ್ತು. ಗಾಳಿಯ ಸುದ್ದಿ ಹೇಳಿದರೆ ಯಾರು ನಂಬಬೇಕು? ಚನ್ನಪ್ಪನವರು ಆಕಾಶ ನೋಡಿ, ನನ್ನ ಮುಖ ನೋಡಿ, "ಇರ್ಲಿ ಬಿಡ್ರಿ. ಸೂಟ್‌ಕೇಸ ಒಯ್ತೀನಿ" ಎಂದು ಕೈಹಾಕಿದರು.

ಅತ್ತೆ ಎದ್ದೇ ಬಂದರು. "ಏ ಚನ್ನಪ್ಪಾ, ಪಸ್ತಾನದ ಗಂಟು ಊರು ಕಾಣದ ತಿರುಗಿ ಮನಿ ಹೊಸ್ತಿಲಾ ದಾಟಬಾರ್ದು. ಬಟ್ಟಿ ಬೇಕಂದ್ರ ಇಲ್ಲೇ ತಗದು ಉಟ್ಕೋರಿ. ಗಂಟು ಮಾತ್ರ ಇಲ್ಲೇ ಇರ್ತೈತಿ."

ಅಲ್ಲಿಂದ ಶುರುವಾಯಿತು ನಮ್ಮ ಮನೆಯ ಪಜೀತಿ. ಮಗಳು ಹಟ ಹಿಡಿದು ಇಬ್ಬರ ಒಳ್ಳೆಯ ಬಟ್ಟೆಯನ್ನೆಲ್ಲ ಅದರಲ್ಲೇ ತುಂಬಿಸಿದ್ದಳು. ಗುಡಿಗೆ ಹೋಗಬೇಕೆಂದರೆ ನೀಲವ್ವನ ಸೀರೆ ನಮ್ಮ ಪಡಸಾಲೆಯಲ್ಲಿ. ಸಂತೆಗೆ ಹೋಗಬೇಕೆಂದರೆ ಚನ್ನಪ್ಪನವರ ಬಿಳಿ ಅಂಗಿ ನಮ್ಮ ಪಡಸಾಲೆಯಲ್ಲಿ. ಕನ್ನಡಕ, ಬಿ.ಪಿ. ಗುಳಿಗೆ, ಕ್ಷೌರದ ಡಬ್ಬಿ, ನೀಲವ್ವನ ಮಂಡಿಗೆ ಹಚ್ಚುವ ಎಣ್ಣೆ, ಎಲ್ಲವೂ ಹಡಗಿಗೆ ಹೊರಟು ನನ್ನ ಮೇಜಿನ ಪಕ್ಕ ನಿಂತಿವೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿದದ್ದು ಕೇಳಿದ್ದೆ, ಇದು ಕುಲಾವಿಯನ್ನು ಪಕ್ಕದ ಮನೆಯಲ್ಲಿಟ್ಟ ಕಥೆ.

ಮಧ್ಯಾಹ್ನವಾದರೆ ನೀಲವ್ವ ಬರುತ್ತಿದ್ದಳು. ಸೂಟ್‌ಕೇಸು ತೆರೆದು, ಸೀರೆಯೊಂದನ್ನು ತೆಗೆದು, ಮತ್ತೆ ಮಡಿಸಿ ಅಲ್ಲೇ ಇಟ್ಟು, "ಹಡಗಿಂದೇನರ ತಿಳೀತೇನ್ರಿ ಸಾವಿತ್ರಕ್ಕ?" ಎಂದು ಕೇಳಿ ಅಡುಗೆಮನೆಯಲ್ಲಿ ಕೂರುತ್ತಿದ್ದಳು. ಸಂಜೆಯಾದರೆ ಚನ್ನಪ್ಪನವರು. ಅವರು ಒಳಗೆ ಬರುವವರಲ್ಲ, ಹೊರಗೆ ಫ್ಲೆಕ್ಸಿನ ಕೆಳಗೆ ಕುರ್ಚಿ ಹಾಕಿಕೊಂಡು ಕೂತು, ಅಲ್ಲಿಂದಲೇ "ಹಡಗ ಎಲ್ಲಿಗೆ ಬಂತ್ರಿ?" ಎನ್ನುತ್ತಿದ್ದರು, ನಮ್ಮ ಮುಂಜಾನೆಯ ಇಳಕಲ್ ಬಸ್ಸು ತಡವಾಗಿದೆಯೇನೋ ಎಂಬಂತೆ. ಅವರನ್ನು ನೋಡಿ ಬಸ್ಸಿಗೆ ಕಾಯುವವರೂ ಕೇಳತೊಡಗಿದರು. ಯಲಬುರ್ಗಾ ಬಸ್ಸಿಗೆ ನಿಂತ ಬೇವೂರಿನ ಅಜ್ಜನೊಬ್ಬ, ಹಡಗು ಎಂದರೇನೆಂದು ಕೇಳದೆಯೇ, "ಬರ್ತೈತಿ ತಗೋರಿ, ಬರ್ದ ಎಲ್ಲಿ ಹೋಗ್ತೈತಿ" ಎಂದು ನನಗೇ ಸಮಾಧಾನ ಹೇಳಿ ಹೋದ.

ನಾನಾದರೂ ಏನು ಹೇಳಲಿ? ಒಂದು ದಿನ ಹಡಗು ಹೊರಡುತ್ತದೆ ಎಂಬ ಸುದ್ದಿ. ಮರುದಿನ ಅದು ದುರಸ್ತಿಗೆ ಹೋಗಿದೆ ಎಂಬ ಸುದ್ದಿ. ಅದರ ಬೆನ್ನಿಗೇ, ಹಡಗು ಮುಂಬೈಗೆ ಬರುವುದಿಲ್ಲ, ಕೊಚ್ಚಿಯಿಂದ ಹೊರಡಬಹುದು ಎಂದು. ಆಮೇಲೆ ಒಬ್ಬ ಏಜೆಂಟ ಬರೆದ, ಹಡಗನ್ನೇ ಬೇರೆ ದೇಶದವರಿಗೆ ಕೊಟ್ಟಾಯಿತಂತೆ ಎಂದು. ಇನ್ನೊಬ್ಬ ಬರೆದ, ಅದೆಲ್ಲ ಸುಳ್ಳು, ಅದು ಇಲ್ಲೇ ಇದೆ ಎಂದು. ಎತ್ತು ಏರಿಗೆ, ಕೋಣ ನೀರಿಗೆ. ಅಷ್ಟು ದೊಡ್ಡ ಹಡಗು ಎಲ್ಲಿದೆಯೆಂದು ಯಾರಿಗೂ ಖಾತ್ರಿಯಿಲ್ಲ, ನನ್ನ ಪಡಸಾಲೆಯ ಸೂಟ್‌ಕೇಸು ಮಾತ್ರ ಎಲ್ಲಿದೆಯೆಂದು ಊರಿಗೆಲ್ಲ ಗೊತ್ತು. "ನೀ ಹಡಗ ಮಾರೂದು ಬಿಡು, ಮದಲ ಅದನ್ನ ಹುಡುಕು" ಎಂದು ನಮ್ಮ ಮನೆಯವರು ನಕ್ಕರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಬರಬರುತ್ತ ನೀಲವ್ವ ಸಂಜೆಯ ಮೇಲೂ ಕೂರತೊಡಗಿದಳು. ಆಗ ಹೊರಗೆ ಗಂಡ, ಒಳಗೆ ಹೆಂಡತಿ, ನಡುವೆ ಪರದೆಯ ಹತ್ತಿರ ನಾನು. "ಮನಿಯಾಕಿಗೆ ಹೇಳ್ರಿ, ನನ್ನ ಗುಳಿಗಿ ಯಾವ ಬದಿಗೆ ಇಟ್ಟಾಳಂತ." "ಸುಜಾತಾನ ಅಪ್ಪಗ ಹೇಳ್ರಿ, ಸೀರಿ ಕೆಳಗ ಬಲಕ್ಕ ಐತಂತ." ಹತ್ತು ಹೆಜ್ಜೆಯ ದಾರಿಗೆ ನನ್ನ ಕಾಲು ಸವೆದವು.

ಜಗಳದ ಮೂಲವಾದರೂ ತಿಳಿಯಲೆಂದು ಇಬ್ಬರನ್ನೂ ಬೇರೆ ಬೇರೆಯಾಗಿ ಕೇಳಿದೆ. ನೀಲವ್ವ ಹೇಳಿದಳು: "ನಮ್ಮ ತವರಿನ ಎಮ್ಮಿ ನನಗೊಂದ ಮಾತ ಹೇಳ್ದ ಮಾರಿದ್ರು. ಮಕ್ಕಳಂಗ ಸಾಕಿದ್ದೆ." ಚನ್ನಪ್ಪನವರು ಹೇಳಿದ್ದು ಬೇರೆ. "ನಮ್ಮ ತಮ್ಮನ ನಿಶ್ಚಯದ ಕಾರ್ಯದಾಗ ಹತ್ತು ಮಂದಿ ಮುಂದ 'ಅವರಿಗೇನ್ ತಿಳೀತೈತಿ' ಅಂದ್ಲು. ನನ್ನ ತಲಿ ತೆಳಗಾತ್ರಿ." ಯಾವುದು ಮೊದಲು ಎಂದು ಕೇಳಿದೆ. ಎಮ್ಮೆ ಮಾರಿದ್ದಕ್ಕೆ ಅವಳು ಹಾಗಂದಳೋ, ಹಾಗಂದದ್ದಕ್ಕೆ ಇವರು ಎಮ್ಮೆ ಮಾರಿದರೋ? ಇಬ್ಬರೂ ತಮ್ಮದೇ ಮೊದಲ ಪೆಟ್ಟು ತಿಂದ ಮೈ ಎಂದು ಆಣೆ ಮಾಡಿದರು. ನಾನು ಕೇಳಿ ಇನ್ನಷ್ಟು ಗೊಂದಲಕ್ಕೆ ಬಿದ್ದೆ.

ದೀಪಾವಳಿ ಹತ್ತಿರ ಬಂತು. ಸುಣ್ಣ ಹಚ್ಚುವಾಗ ಸೂಟ್‌ಕೇಸನ್ನು ಮೂಲೆಯಿಂದ ಮೂಲೆಗೆ ದಬ್ಬಿದೆವು, ಹೊಸ್ತಿಲು ದಾಟಿಸಲಿಲ್ಲ. ನೀಲವ್ವ ನಮ್ಮ ಮನೆಯ ಕರ್ಚಿಕಾಯಿ, ಚಕ್ಕುಲಿ, ಶೇಂಗಾಹೋಳಿಗೆಗೆಲ್ಲ ಕೈಹಚ್ಚಿದಳು. ಅವಳ ಮನೆಯ ಹಬ್ಬ ಹೇಗೆ ನಡೆಯಬೇಕೆಂದು ಕೇಳಿದರೆ, "ನಾವು ಪಯಣ ಹೊಂಟೀವಲ್ರಿ" ಎನ್ನುತ್ತಿದ್ದಳು. ಹೊರಡಲೂ ಇಲ್ಲ, ಮನೆಯಲ್ಲೂ ಇಲ್ಲ. ಹಡಗಿನ ದಿನ ಮುಂದಕ್ಕೆ ಹೋದ ಸುದ್ದಿ ಬಂದಾಗೆಲ್ಲ ಅವಳ ಮುಖ ಗೆಲುವಾಗುವುದನ್ನು ನೋಡಿ ನನಗೆ ಅರ್ಥವೇ ಆಗುತ್ತಿರಲಿಲ್ಲ.

ಹಾಗೊಂದು ಸಂಜೆ ನೀಲವ್ವ ಕರ್ಚಿಕಾಯಿ ಲಟ್ಟಿಸುತ್ತಿದ್ದಳು. ಹೊರಗಿನಿಂದ ಚನ್ನಪ್ಪನವರು, "ಜ್ವಾಳದ ಹಿಟ್ಟು ತೀರೈತಿ ಅಂತ ಹೇಳ್ರಿ" ಎಂದರು. ಸುಜಾತಾ ಮುಂಜಾನೆಯಷ್ಟೇ ಫೋನ್ ಮಾಡಿ, "ಏನರ ಮಾತಾಡಿದ್ರೇನಕ್ಕ?" ಎಂದು ಅತ್ತಿದ್ದಳು. ಒಳಗೆ ಬಂದು, "ನಿಮ್ಮ ಕೈ ರೊಟ್ಟಿ ಇಲ್ಲದ ಊಟ ಒಳಗ ಇಳಿಯವಲ್ದು ಅನ್ನಾಕತ್ತಾರ ನೋಡ್ರಿ" ಎಂದೆ.

ಲಟ್ಟಣಿಗೆ ನಿಂತಿತು. ನೀಲವ್ವ ತಲೆಯೆತ್ತಿ ನನ್ನನ್ನೇ ನೋಡಿದಳು. "ಅವರು ಹಂಗಂದಿರಂಗಿಲ್ಲ ಬಿಡ್ರಿ. ಏನಂದ್ರು, ಖರೇ ಹೇಳ್ರಿ."

"ಹಿಟ್ಟು ತೀರೈತಂತ."

"ಹಾಂ, ಅದು ಅವರ ಮಾತು." ಅವಳು ನಕ್ಕಳು, ಆದರೆ ಕಣ್ಣಲ್ಲಿ ನೀರಿತ್ತು. "ನಮ್ಮ ಸುಜಾತಾನೂ ಹಿಂಗ ಸಕ್ಕರಿ ಹಚ್ಚಿ ತರ್ತಿದ್ಲು. ಮದಮದಲ ಖುಷಿ ಆಗ್ತಿತ್ತು. ಆಮ್ಯಾಲ ತಿಳೀತು, ಆ ಮಾತು ಅವರವಲ್ಲ, ಮಗಳವು ಅಂತ. ಇಷ್ಟು ವರ್ಷ ನಾ ಮಗಳ ಕೂಡ ಸಂಸಾರ ಮಾಡೀನೋ, ಅವರ ಕೂಡ ಮಾಡೀನೋ ನನಗ ತಿಳಿಯವಲ್ದು ಸಾವಿತ್ರಕ್ಕ. ಬೈದ್ರೂ ಚಿಂತಿಲ್ಲ, ಅವರ ಬಾಯಿಲೆ ಬೈಸ್ಕೋಬೇಕು ಅನ್ನಿಸ್ತೈತಿ."

ಕಡಾಯಿಯಲ್ಲಿದ್ದ ಕರ್ಚಿಕಾಯಿ ಕರಿಕಾದದ್ದೂ ಗೊತ್ತಾಗಲಿಲ್ಲ. ಅವಳ ದುಃಖಕ್ಕೆ ಸಂಕಟವಾಯಿತು. ಇಷ್ಟಾದರೂ ತಾನೇ ಬಾಯಿ ತೆರೆಯದ ಅವಳ ಹಟಕ್ಕೆ ಸಿಟ್ಟೂ ಬಂತು. ಯಾವುದನ್ನು ತೋರಿಸಬೇಕೆಂದು ತಿಳಿಯದೆ ಒಲೆ ಸಣ್ಣ ಮಾಡಿದೆ.

ಅಮಾವಾಸ್ಯೆಯ ದಿನ ಅಂಗಡಿಯ ಲಕ್ಷ್ಮೀಪೂಜೆ. ಬಾಗಿಲಿಗೆ ಚೆಂಡುಹೂವಿನ ಮಾಲೆ, ಬಾಳೆಕಂಬ, ಮೇಜಿನ ಮೇಲೆ ಲಕ್ಷ್ಮಿಯ ಫೋಟೊ. ಅತ್ತೆ ಕಂಪ್ಯೂಟರಿಗೆ, ಟೆಂಪೊದ ಕೀಲಿಗೆ ಕುಂಕುಮ ಹಚ್ಚಿ, ನೀಲಿ ಸೂಟ್‌ಕೇಸಿಗೂ ಹಚ್ಚಿದರು. ಪಕ್ಕದ ಬಳೆ ಅಂಗಡಿಯ ಖಾಜಾಬಿ ಪ್ರತಿ ವರ್ಷದಂತೆ ಪೂಜೆಗೆ ಬಂದು ಚುರುಮುರಿ, ಪೇಢೆ ತಗೊಂಡು ಕೂತಿದ್ದಳು. ಚನ್ನಪ್ಪನವರು ತೋಟದ ದಾಳಿಂಬೆ ತಂದು ಲಕ್ಷ್ಮಿಯ ಮುಂದಿಟ್ಟು, ಅಂದು ಹಬ್ಬವೆಂದು ಒಳಗೇ ಕುರ್ಚಿಯಲ್ಲಿ ಕೂತರು. ನೀಲವ್ವ ಪರದೆಯ ಬಾಗಿಲಿಗೆ ಒರಗಿ ನಿಂತಿದ್ದಳು.

ಆಗ ಹಡಗಿನ ಕಂಪನಿಯ ಫೋನು ಬಂತು. ಹುಡುಗಿಯೊಬ್ಬಳು ಹಿಂದಿಯಲ್ಲಿ ನಯವಾಗಿ ಹೇಳಿದಳು: ಈ ಹಡಗು ಇನ್ನು ಈ ಹಂಗಾಮಿಗೆ ಬರುವುದಿಲ್ಲ. ಬೇರೆ ಹಡಗು ಹೊಸ ವರ್ಷದ ಮೇಲೆ ಕೊಚ್ಚಿಯಿಂದ ಹೊರಡುತ್ತದೆ. ಅದಕ್ಕೆ ಬರುತ್ತಾರೋ, ಇಲ್ಲ ಟಿಕೀಟು ರದ್ದು ಮಾಡಬೇಕೋ? ಖೋಲಿ ಒಂದೇ ಆದ್ದರಿಂದ ಇಬ್ಬರೂ ಒಪ್ಪಿ ಒಂದೇ ಉತ್ತರ ಕೊಡಬೇಕು, ಅದನ್ನು ಅವರ ಬಾಯಿಂದಲೇ ಕೇಳಬೇಕು.

ನಾನು ಚನ್ನಪ್ಪನವರಿಗೆ ತಿಳಿಸಿ ಹೇಳಿದೆ. ಅವರು ನೆಲ ನೋಡುತ್ತ, "ಅವರು ಹೆಂಗಂತಾರ ಹಂಗ" ಎಂದರು.

ನೀಲವ್ವನ ಕಡೆ ತಿರುಗಿದೆ. "ಅವರು ಹೆಂಗಂತಾರ ಹಂಗ" ಎಂದಳು.

ಮತ್ತೆ ಇತ್ತ ತಿರುಗಿದೆ, ಮತ್ತೆ ಅತ್ತ. ಅದೇ ಮಾತು. ಫೋನಿನ ಹುಡುಗಿ, ಇಬ್ಬರೂ ಒಪ್ಪಿದರಾ ಎಂದು ಕೇಳುತ್ತಲೇ ಇದ್ದಳು. ನನಗೆ ಕುತ್ತಿಗೆ ನೋವು ಬಂತು, ಅಳುವೂ ಬಂತು. ಪೇಢೆ ತಿನ್ನುತ್ತ ಇದನ್ನೆಲ್ಲ ನೋಡುತ್ತಿದ್ದ ಖಾಜಾಬಿ ಎದ್ದು ಬಂದು ನನ್ನ ರಟ್ಟೆ ಹಿಡಿದಳು. "ಅರೇ ಸಾವಿತ್ರಕ್ಕ, ಅವರಿಬ್ಬರ ನಡುವ ಗ್ವಾಡಿಯಂಗ ನಿಂತೀರಿ ನೀವು. ಬಾಜೂಕ ಸರೀರಿ. ಅವರರ ಹೆಂಗ ಮಾತಾಡಬೇಕು?"

ಹೌದಲ್ಲ! ಫೋನಿನ ದನಿ ಜೋರು ಮಾಡಿ ಸೂಟ್‌ಕೇಸಿನ ಮೇಲಿಟ್ಟೆ. "ಒಲಿ ಮ್ಯಾಲ ಕಡಾಯಿ ಐತಿ. ಆಕಿ ಕಾಯಾಕತ್ತಾಳ, ಏನಂತ ನೀವ ಹೇಳಿಬಿಡ್ರಿ" ಎಂದು ಖಾಜಾಬಿಯನ್ನೂ ಅತ್ತೆಯನ್ನೂ ಕರೆದುಕೊಂಡು ಒಳಗೆ ಹೋದೆ. ಒಲೆ ಹೊತ್ತಿಸಿಯೇ ಇರಲಿಲ್ಲ. ಮೂವರೂ ಪರದೆಯ ಹಿಂದೆ ಕಿವಿ ಹಚ್ಚಿ ನಿಂತೆವು. ಫೋನಿನ ಹುಡುಗಿ ಸ್ವಲ್ಪ ಹೊತ್ತು ಕಾಯಿರಿ ಎಂದು ಹಾಡು ಹಚ್ಚಿದಳು. ಹಾಡು ನಡೆಯಿತು, ನಡೆಯಿತು. ನೀಲವ್ವ ಹೊರಗೆ ಹೋಗಿಬಿಡುತ್ತಾಳೋ, ಚನ್ನಪ್ಪನವರೇ ಎದ್ದು ಹೋಗುತ್ತಾರೋ ಎಂದು ನಾನು ಪರದೆಯ ಸಂದಿಯಿಂದ ಇಣುಕಿದೆ.

"ನಿನಗ ನೀರಂದ್ರ ಅಂಜಿಕಿ ಅಲ್ಲೇನು?"

ಚನ್ನಪ್ಪನವರ ದನಿ. "ಹೇಳ್ರಿ" ಇಲ್ಲ, "ಅವರಿಗೆ" ಇಲ್ಲ. ಖಾಜಾಬಿ ನನ್ನ ಕೈಯನ್ನು ಎಷ್ಟು ಗಟ್ಟಿಯಾಗಿ ಹಿಡಿದಳೆಂದರೆ ನನ್ನ ಬಳೆಯೊಂದು ಒಡೆಯಿತು.

"ಹೌದು" ಎಂದಳು ನೀಲವ್ವ.

"ಬಾವಿ ಕಟ್ಟಿ ಏರಾಕಿ ಅಲ್ಲ ನೀ. ಹಡಗಿಗೆ ಯಾಕ ಒಪ್ಪಿದಿ?"

"ನಿಮಗ ಸಮುದ್ರ ನೋಡೂದು ಭಾಳ ಆಸಿ ಐತಂತ ಸುಜಾತಾ ಹೇಳಿದ್ಲು."

"ನನಗ? ಬಸ್ಸಿನ್ಯಾಗ ಕುಂತ್ರ ಹೊಟ್ಟಿ ತೊಳಸ್ತೈತಿ ನನಗ. ನಿನಗ ಆಸಿ ಐತಂತ ಆಕಿ ನನಗ ಹೇಳಿದ್ಲು. ಅಂತನ ಹೂಂ ಅಂದೆ."

ಹಾಡು ನಿಂತಿತು. ಹುಡುಗಿ ಮತ್ತೆ ಕೇಳಿದಳು. ಈ ಸಲ ಇಬ್ಬರ ಬಾಯಿಂದಲೂ ಒಮ್ಮೆಲೇ "ಬ್ಯಾಡ" ಎಂದು ಬಂತು. ಅವಳಿಗೆ ತಿಳಿಯಲಿಲ್ಲ. ಚನ್ನಪ್ಪನವರು ತಮಗೆ ಬರುವ ಸಂತೆಯ ಹಿಂದಿಯಲ್ಲಿ, "ನಹೀ ಜಾತೇ ಹಮ್. ದೋನೋ ನಹೀ ಜಾತೇ" ಎಂದು ಕೂಗಿ ಹೇಳಿದರು.

ಒಳಗೆ ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ದಸರೆಯಿಂದ ಹಡಗು ಬರಲಿ, ಹಡಗು ಬರಲಿ ಎಂದು ದೇವರಿಗೆ ಕೈಮುಗಿದದ್ದು ಯಾರಿಗಾಗಿ? ಇಬ್ಬರಿಗೂ ಬೇಡವಾಗಿತ್ತು! ನಾನು ಕುಷ್ಟಗಿಯಲ್ಲಿ ಮಾಡಿದ ಮೊದಲ ಹಡಗಿನ ಟಿಕೀಟು ಹೀಗೆ ರದ್ದಾಯಿತು, ನಾನು ಅಡುಗೆಮನೆಯಲ್ಲಿ ನಿಂತು ಕಣ್ಣೊರೆಸಿಕೊಂಡೆ. ಅತ್ತೆ ಮಾತ್ರ ಇನ್ನೂ ಸೂಟ್‌ಕೇಸಿನ ಚಿಂತೆಯಲ್ಲಿದ್ದರು.

ನಾವು ಹೊರಗೆ ಬಂದಾಗ ಗಂಡ ಹೆಂಡತಿ ಅದರ ಎರಡು ಬದಿಗೆ ಎರಡು ಗೊಂಬೆಯಂತೆ ನಿಂತಿದ್ದರು. ಮನೆಗೆ ಒಯ್ಯುವುದು ಹೇಗೆ? ಪ್ರಸ್ಥಾನದ ಗಂಟು ತಿರುಗಿ ಹೋಗಬಾರದಲ್ಲ. ಅತ್ತೆ ಹಣೆ ಒತ್ತಿಕೊಂಡು ವಿಚಾರ ಮಾಡಿ, ಕೊನೆಗೊಂದು ತೀರ್ಪು ಕೊಟ್ಟರು. "ಇಲ್ಲಿಂದ ನೆಟ್ಟಗ ಮನಿಗೆ ಹೋಗಬ್ಯಾಡ್ರಿ. ಬಸ್‌ಸ್ಟ್ಯಾಂಡಿಗೆ ಹೋಗ್ರಿ, ಅಲ್ಲೊಂದ ಚಹಾ ಕುಡೀರಿ. ಅಲ್ಲಿಂದ ಊರಿಂದ ಬಂದೋರಂಗ ಮನಿಗೆ ಹೋಗ್ರಿ. ಪಯಣ ಮಾಡಿ ಬಂದಂಗಾತು."

ಇಬ್ಬರೂ ತಲೆಯಾಡಿಸಿದರು. ಈ ಸಲ ಹೆಗಲಿಗೆ ಏರಿಸಲು ನೀಲವ್ವ ಬಿಡಲಿಲ್ಲ. ಗಾಲಿಯ ಮೇಲೆ ಎಳೆದುಕೊಂಡು ಹೊರಟರು. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಮೆಟ್ಟಿಲಿಳಿಯುವ ಹೊತ್ತಿಗೆ ಸೂಟ್‌ಕೇಸು ಒಂದು ಬದಿಗೆ ವಾಲಿತು.

"ಏನ್ ಕಲ್ಲು ತುಂಬೀ ಇದರಾಗ? ಇಷ್ಟ ವಜ್ಜಿ!" ಚನ್ನಪ್ಪನವರು ರೇಗಿದರು.

"ನಿಮ್ಮವ ಅಂಗಿ, ನಿಮ್ಮವ ಧೋತ್ರ. ನನ್ನ ಸೀರಿ ಎರಡ ಅವ."

"ಎರಡಂತ! ಆ ಇಳಕಲ್ ಸೀರಿ ಒಂದ ಸಾಕು, ಎತ್ತಿಗೂ ಎಳ್ಯಾಕಾಗಂಗಿಲ್ಲ."

"ಆ ಸೀರಿ ತಂದವರು ಯಾರು? ಆವಾಗ ಕಣ್ಣು ಎಲ್ಲಿದ್ವು?"

"ನಿನಗ ತಿಳಿವಳಿಕಿ ಅನ್ನೂದ ಇಲ್ಲ."

"ನಿಮಗ ಭಾಳ ಐತಿ, ಅದಕ್ಕ ಎಮ್ಮಿ ಮಾರಿದ್ರಿ!"

ಅಯ್ಯ ಶಿವನೇ ಎಂದು ನಾನು ಎದೆಗೆ ಕೈಹಚ್ಚಿದೆ. ಬಿದ್ದಿತು, ಮತ್ತೆ ಹಳೆಯ ಬೆಂಕಿಗೇ ಎಣ್ಣೆ ಬಿದ್ದಿತು. ಆದರೆ ಅವರು ನಿಲ್ಲಲಿಲ್ಲ. ಎಮ್ಮೆಯಿಂದ ನಿಶ್ಚಯಕ್ಕೆ, ನಿಶ್ಚಯದಿಂದ ಬೋರಿಗೆ, ಬೋರಿನಿಂದ ಮಗಳ ಮದುವೆಯ ಊಟದ ಉಪ್ಪಿಗೆ, ಒಂದಾದ ಮೇಲೊಂದು ತೆಗೆದು ಎಣಿಸುತ್ತ, ಒಬ್ಬರ ಮಾತನ್ನೊಬ್ಬರು ಕತ್ತರಿಸುತ್ತ, ದೀಪ ಹಚ್ಚಿದ ಓಣಿಯಲ್ಲಿ ಬಸ್‌ಸ್ಟ್ಯಾಂಡಿನ ಕಡೆ ನಡೆದರು. ಬಾಗಿಲಲ್ಲಿ ಹಣತೆ ಇಡುತ್ತಿದ್ದ ಹೆಣ್ಣುಮಕ್ಕಳು ಬಗ್ಗಿದವರು ಬಗ್ಗಿದ್ದಂತೆಯೇ ನೋಡಿದರು. ಸೂಟ್‌ಕೇಸು ಇಬ್ಬರ ನಡುವೆ ಗಡಗಡ ಎನ್ನುತ್ತ ಹೋಯಿತು. ಚಹಾದ ಅಂಗಡಿಯ ಗದ್ದಲದಲ್ಲಿ ಅವರ ದನಿ ಕಲೆಯುವ ತನಕ ನಾನು ಕೇಳುತ್ತಲೇ ನಿಂತೆ. ಇದು ಜಗಳ ಮುಗಿದದ್ದೋ, ಶುರುವಾದದ್ದೋ ನನಗೆ ಬಗೆಹರಿಯಲಿಲ್ಲ.

ಸ್ವಲ್ಪ ಹೊತ್ತಿಗೆ ಗಂಗಾವತಿಯಿಂದ ಸುಜಾತಾಳ ಫೋನು. ಹಬ್ಬದ ಶುಭಾಶಯವನ್ನೂ ಹೇಳದೆ, "ಹಡಗಿಂದು ಮೆಸೇಜ ಬಂತಕ್ಕ. ರದ್ದಂತಲ್ಲ. ಅಪ್ಪ ಏನಂದ್ರು? ಅವ್ವ ಏನಂದ್ಲು?" ಎಂದಳು.

ನಾಲಿಗೆಯ ತುದಿಗೆ ಒಂದು ಸಿಹಿ ಮಾತು ಬಂದೇ ಬಿಟ್ಟಿತ್ತು. ನುಂಗಿದೆ. "ಬೈದಾಡಕೋತ ಹೋದ್ರವ್ವ. ಓಣಿ ತುಂಬ ಕೇಳ್ತಿತ್ತು" ಎಂದೆ.

ಹುಡುಗಿಯ ಎದೆ ಒಡೆಯಿತೇನೋ ಎಂದು ಗಾಬರಿಯಾದೆ. "ಸುಜಾತಾ?" ಎಂದೆ.

"ಯಾರಿಗ್ಯಾರು ಬೈದ್ರಕ್ಕ? ನಿಮ್ಮ ಮುಂದ ಹೇಳಿದ್ರೋ, ಅವರವರ ಬೈದಾಡಿದ್ರೋ?"

"ಅವರವರ. ಒಬ್ಬರ ಮಾರಿ ಒಬ್ಬರು ನೋಡಿ."

ಅವಳು ಅತ್ತಳು. ಬಿಕ್ಕಿ ಬಿಕ್ಕಿ ಅತ್ತಳು. ಆಮೇಲೆ ಮೂಗು ಎಳೆದುಕೊಂಡು, ಸಣ್ಣ ಕೂಸು ಕಥೆ ಕೇಳುವ ದನಿಯಲ್ಲಿ, "ಏನಂತ ಬೈದ್ರು? ಮದಲಿನಿಂದ ಹೇಳ್ರಿ" ಎಂದಳು.

ನಾನು ಕುರ್ಚಿ ಎಳೆದುಕೊಂಡು ಕೂತು, ಒಂದು ಅಕ್ಷರ ಕೂಡಿಸದೆ, ಒಂದು ಅಕ್ಷರ ಕಳೆಯದೆ, ಎಲ್ಲ ಬೈಗಳನ್ನೂ ಹೇಳಿದೆ.